ಹೊಸ ಆಟೋಮ್ಯಾಟಿಕ್ ವಾಚು ದಿನಕ್ಕೆ 12 ಸೆಕೆಂಡ್ ಮುಂದೆ ಹೋಗುತ್ತಿದೆ, ಇದು ಕೆಟ್ಟಿದೆಯಾ?

ಇಲ್ಲ, ಕೆಟ್ಟಿಲ್ಲ. ದಿನಕ್ಕೆ 86,400 ಸೆಕೆಂಡ್ ಅಲ್ವಾ, ಅದರಲ್ಲಿ 12 ಅಂದರೆ ಶೇಕಡಾ 0.014. ಬ್ಯಾಟರಿ ಇಲ್ಲದೆ ಬರೀ ಸ್ಪ್ರಿಂಗು, ಹಲ್ಲಿನ ಚಕ್ರಗಳಿಂದ ಇಷ್ಟು ಸರಿಯಾಗಿ ನಡೆಯುತ್ತದೆ ಅನ್ನುವುದೇ ನನಗೆ ಇವತ್ತಿಗೂ ಬೆರಗು.

ವಾಚು ಎಷ್ಟು ಸರಿಯಾಗಿ ನಡೆಯುತ್ತದೆ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆ ವಾಚಿನ ಮೂವ್‌ಮೆಂಟನ್ನು, ಅಂದರೆ ಒಳಗಿನ ಯಂತ್ರವನ್ನು, 15 ದಿನ, ಐದು ಭಂಗಿಯಲ್ಲಿ, 8, 23 ಮತ್ತು 38 ಡಿಗ್ರಿ ಬಿಸಿಯಲ್ಲಿ ಇಟ್ಟು ನೋಡುತ್ತದೆ. ಅಷ್ಟೆಲ್ಲಾ ಪರೀಕ್ಷೆ ಮಾಡಿಯೂ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಬಿದ್ದರೂ 6 ಸೆಕೆಂಡ್ ಮುಂದೆ ಹೋದರೂ ಪಾಸು. ಆ ಸರ್ಟಿಫಿಕೇಟ್ ಇಲ್ಲದ ವಾಚಿಗೆ 12 ಜಾಸ್ತಿ ಏನಲ್ಲ.

ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ವಾಚಿನ ಜೊತೆ ಮಾತ್ರ ಹೋಲಿಸಬೇಡಿ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ನಮ್ಮ ವಾಚಿನ ವೇಗ ಹಿಡಿದಿಡುವ ಬ್ಯಾಲೆನ್ಸ್ ಚಕ್ರ ಸಾಮಾನ್ಯವಾಗಿ ಸೆಕೆಂಡಿಗೆ 6 ಇಲ್ಲವೇ 8 ಸಲ ಅತ್ತಿತ್ತ ಆಡುತ್ತದೆ, ಅದೂ ಕೈ ಬೀಸಿದಾಗ, ಮಲಗಿದಾಗ, ಬಿಸಿಲಿಗೆ ಹೋದಾಗ ಎಲ್ಲಾ ಹೊಡೆತ ತಿಂದುಕೊಂಡು.

ನಾನು ನೋಡುವುದು ಬೇರೆ ವಿಷಯ. ದಿನಾ 12 ಸೆಕೆಂಡೇ ಮುಂದೆ ಹೋಗುವ ವಾಚು ಒಳ್ಳೆಯ ವಾಚು. ಒಂದು ದಿನ 10 ಮುಂದೆ, ಮರುದಿನ 10 ಹಿಂದೆ ಹೋಗುವುದು ಸರಾಸರಿಯಲ್ಲಿ ಸೊನ್ನೆ ತೋರಿಸಬಹುದು, ಆದರೆ ಅದನ್ನು ನಂಬುವುದು ಕಷ್ಟ. ಹಾಗಾಗಿ ಹತ್ತು ದಿನ, ದಿನಾ ಒಂದೇ ಹೊತ್ತಿಗೆ, ಫೋನಿನ ಟೈಮ್ ಜೊತೆ ಹೋಲಿಸಿ ಬರೆದಿಡಿ. ರಾತ್ರಿ ಹೇಗೆ ಇಡುತ್ತೀರಿ ಅನ್ನುವುದನ್ನೂ ಬರೆಯಿರಿ. ನನ್ನ ವಾಚು ಮುಖ ಮೇಲೆ ಮಾಡಿ ಮಲಗಿಸಿದರೆ ಮುಂದೆ ಹೋಗುತ್ತದೆ, ಕ್ರೌನ್ (ಟೈಮ್ ಸರಿಮಾಡಲು ಪಕ್ಕದಲ್ಲಿರುವ ತಿರುಗುಗುಂಡಿ) ಮೇಲೆ ಬರುವಂತೆ ನಿಲ್ಲಿಸಿಟ್ಟರೆ ಸ್ವಲ್ಪ ಹಿಂದೆ ಬೀಳುತ್ತದೆ. ಹಗಲು ಗಳಿಸಿದ್ದನ್ನು ರಾತ್ರಿ ಹಾಗೇ ಕಳೆಯುತ್ತೇನೆ. ನಿಮ್ಮ ವಾಚಿನ ಸ್ವಭಾವ ಬೇರೆ ಇರಬಹುದು, ಇಟ್ಟು ನೋಡಿಯೇ ತಿಳಿಯಬೇಕು.

ಒಂದು ವಿಷಯಕ್ಕೆ ಮಾತ್ರ ಹುಷಾರು. ಸರಿಯಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಅದಕ್ಕೆ ಅಯಸ್ಕಾಂತ ತಗುಲಿರುವ ಸಾಧ್ಯತೆ ಜಾಸ್ತಿ. ಸ್ಪೀಕರ್, ಟ್ಯಾಬ್ಲೆಟ್ ಕವರ್, ಬ್ಯಾಗಿನ ಮ್ಯಾಗ್ನೆಟ್ ಗುಂಡಿ, ಇವುಗಳ ಪಕ್ಕ ಇಟ್ಟಿದ್ದರೆ ಸಾಕು. ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗು ಗಿಡ್ಡವಾದಂತಾಗುತ್ತದೆ, ಚಕ್ರ ಬೇಗ ಬೇಗ ಆಡುತ್ತದೆ. ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಇದ್ದರೆ ಕೆಲವೇ ಸೆಕೆಂಡಿನ ಕೆಲಸ, ವಾಚು ಬಿಚ್ಚುವುದೂ ಬೇಡ.

ಹತ್ತು ದಿನದ ಲೆಕ್ಕದಲ್ಲಿ 12ರ ಆಸುಪಾಸೇ ಬಂದು, ಆದರೂ ಮನಸ್ಸಿಗೆ ಕಿರಿಕಿರಿ ಆದರೆ, ವಾಚು ರಿಪೇರಿಯವರಿಗೆ ಆ ಚೀಟಿ ತೋರಿಸಿ ರೆಗ್ಯುಲೇಟ್ ಮಾಡಿಸಿ, ಅಂದರೆ ವೇಗ ಸರಿಹೊಂದಿಸಿಕೊಳ್ಳಿ. ವಾರಂಟಿ ಇರುವಾಗ ಹಿಂಬದಿ ಮುಚ್ಚಳ ನೀವೇ ತೆಗೆಯಬೇಡಿ.