ಎರಡನೇ ಮಹಾಯುದ್ಧದ ಅಮೆರಿಕನ್ ಎಂ1 ಹೆಲ್ಮೆಟ್ ಸಿಕ್ಕಿದೆ. ಒಳಗೆ ‘ಬಿ 4471’ ಎಂದು ಬರೆದಿದೆ. ಮೂಲ ಒಡೆಯ ಯಾರೆಂದು ಪತ್ತೆ ಹಚ್ಚಬಹುದೇ?

ಹಚ್ಚಬಹುದು, ಆದರೆ ಇದೊಂದರಿಂದಲೇ ಅಲ್ಲ. ಅದು ಲಾಂಡ್ರಿ ಗುರುತು: ಸೈನಿಕನ ಕುಲನಾಮದ ಮೊದಲ ಅಕ್ಷರ, ಜೊತೆಗೆ ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಅಮೆರಿಕದ ರಾಷ್ಟ್ರೀಯ ದಾಖಲಾಗಾರದ ಸೇನಾ ಭರ್ತಿ ದತ್ತಾಂಶದಲ್ಲಿ ಉಚಿತವಾಗಿ ಹುಡುಕಬಹುದು. ಅಲ್ಲಿ ಸುಮಾರು 90 ಲಕ್ಷ ದಾಖಲೆಗಳಿವೆ. ನಾಲ್ಕು ಅಂಕಿ ಎಂದರೆ ಹತ್ತು ಸಾವಿರ ಸಾಧ್ಯತೆ. ಹಾಗಾಗಿ 4471ಕ್ಕೆ ಅಂದಾಜು 900 ಮಂದಿ ಸಿಗುತ್ತಾರೆ, ಅವರಲ್ಲಿ ‘ಬಿ’ ಹೆಸರಿನವರೇ ಹತ್ತಾರು. ಇನ್ನೊಂದು ಸುಳಿವು ಬೇಕೇ ಬೇಕು.

ಹಾಗಂತ ಉಜ್ಜಿ ತೊಳೆಯಬೇಡಿ. ಇರುವ ಶಾಯಿಯೂ ಹೋದೀತು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಗಲ್ಲಪಟ್ಟಿ, ಲೈನರ್‌ನ (ಉಕ್ಕಿನ ಚಿಪ್ಪಿನೊಳಗೆ ಕೂರುವ ಹಗುರ ಒಳಟೋಪಿ) ಒಳಭಾಗ, ಬೆವರುಪಟ್ಟಿಯ ಹಿಂಬದಿ ನೋಡಿ. ಹೊರಗೆ ಬಣ್ಣದಡಿ ಡಿವಿಷನ್ (ಸೇನೆಯ ದೊಡ್ಡ ಘಟಕ) ಚಿಹ್ನೆಯ ಅಂಚು ಕಂಡರೆ ಹೆಸರುಗಳ ಪಟ್ಟಿ ಬಹಳ ಕಿರಿದಾಗುತ್ತದೆ. ಲೈನರ್ ಸುಲಭವಾಗಿ ಅದಲುಬದಲಾಗುವ ವಸ್ತು, ಅದರ ಮೇಲಿನ ಹೆಸರು ಉಕ್ಕಿನ ಚಿಪ್ಪಿನ ಒಡೆಯನದ್ದೇ ಆಗಿರಬೇಕಿಲ್ಲ. ಚಿಪ್ಪಿನ ಅಂಚಿನ ಪಟ್ಟಿಯ ಜೋಡಣೆ ಮುಂದಿದ್ದರೆ ಅದು 1944ರ ಕೊನೆಯವರೆಗಿನದ್ದು; ಹಿಂದಿದ್ದರೆ 1944ರ ಕೊನೆಯ ನಂತರದ್ದು. 1943ರಲ್ಲೇ ಸತ್ತವನ ಹೆಸರು ಹಿಂಜೋಡಣೆಯ ಚಿಪ್ಪಿನಲ್ಲಿದ್ದರೆ ಅನುಮಾನಿಸಿ, ಹೆಸರು ಬರೆದರೆ ಬೆಲೆ ಏರುತ್ತದೆಂದು ಮಾರುವವರಿಗೂ ಗೊತ್ತು.

ಹೆಸರು ಸಿಕ್ಕ ಮೇಲೆ ಸೇಂಟ್ ಲೂಯಿಸ್‌ನ ಸೇನಾ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಅರ್ಜಿ ಹಾಕಿ. 1973ರ ಬೆಂಕಿಯಲ್ಲಿ 1912–1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80 ನಾಶವಾದವು. ಕಡತವಿಲ್ಲ ಎಂಬ ಉತ್ತರ ಬಂದರೆ ಆತನ ಕೊನೆಯ ಸಂಬಳದ ವೋಚರ್, ತುಕಡಿಯ ಬೆಳಗಿನ ವರದಿ (ಸಿಬ್ಬಂದಿಯ ದಿನದಿನದ ಬದಲಾವಣೆಗಳ ದಾಖಲೆ) ಕೇಳಿ.