ಗಾಡಿ ಮಾತು: ಘಟ್ಟದ ತುದಿಯಲ್ಲಿ ಒತ್ತುವ ಗುಂಡಿ

ಪ್ರಶ್ನೆ: ನಮಸ್ಕಾರ. ನಾವು ಕೊಲರಾಡೊದ ಅರೋರಾದಲ್ಲಿದ್ದೇವೆ. ಈ ವರ್ಷ ಒಂದು ಫೋರ್ಡ್ ಎಫ್-150 ಪಿಕಪ್ (ಐದು ಲೀಟರ್ ವಿ8 ಎಂಜಿನ್, ಹತ್ತು ಗೇರಿನ ಆಟೋಮ್ಯಾಟಿಕ್) ಮತ್ತು ಹಳೆಯದೊಂದು ಟ್ರಾವೆಲ್ ಟ್ರೈಲರ್ (ಹಿಂದೆ ಕಟ್ಟಿ ಎಳೆಯುವ ಗಾಲಿಮನೆ) ಕೊಂಡೆವು. ಮೊದಲ ಪ್ರವಾಸ ಗ್ರ್ಯಾಂಡ್ ಜಂಕ್ಷನ್‌ಗೆ. ಐಸೆನ್‌ಹೋವರ್ ಸುರಂಗದ ಏರಿನಲ್ಲಿ ಟೋ ಮೋಡ್ (ಭಾರ ಎಳೆಯುವಾಗ ಒತ್ತುವ ಗುಂಡಿ) ಹಾಕಿದ್ದೆ. ಎಂಜಿನ್ 4,500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಮುಟ್ಟಿ ಕೂಗತೊಡಗಿತು. ಹಾಸನದಿಂದ ಬಂದಿದ್ದ ಅಮ್ಮ ಹಿಂದಿನ ಸೀಟಿನಿಂದ, "ನಿಲ್ಲಿಸಪ್ಪ, ಏನೋ ಒಡೆದುಹೋಗುತ್ತದೆ" ಎಂದರು. ಹೆದರಿ ಆಫ್ ಮಾಡಿದೆ. ಸುರಂಗ ದಾಟಿ ಸಿಲ್ವರ್‌ಥಾರ್ನ್‌ಗೆ ಇಳಿಯುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ! ಗಾಡಿ ಮಾರಿದವರು "ಟ್ರೈಲರ್ ಕಟ್ಟಿದರೆ ಸದಾ ಹಾಕಿ" ಎಂದಿದ್ದರು. ಸಹೋದ್ಯೋಗಿಯೊಬ್ಬರು "ಪೆಟ್ರೋಲ್ ಕುಡಿಯುತ್ತದೆ, ಏರು ಬಂದಾಗ ಮಾತ್ರ ಹಾಕಿ" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ತಾಯಿಯವರಿಗೆ ಧೈರ್ಯ ಹೇಳಿ. ನಿಮ್ಮ ಎಂಜಿನ್ ತನ್ನ ಪೂರ್ಣ ಅಶ್ವಶಕ್ತಿಯನ್ನು ಕೊಡುವುದೇ 5,500 ಆರ್‌ಪಿಎಂ ದಾಟಿದ ಮೇಲೆ. 4,500 ಎಂದರೆ ಅದು ಪಂಚೆ ಮೇಲೆತ್ತಿ ಕಟ್ಟಿ ಕೆಲಸಕ್ಕೆ ನಿಂತಿದೆ, ಅಷ್ಟೆ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ಗೆ ಎತ್ತರ ಹೆಚ್ಚಿದಂತೆ ಉಸಿರು ಸಾಲುವುದಿಲ್ಲ; ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಸೋರುತ್ತದೆ. ನೀವು ಹೊರಬಿದ್ದ ಸುರಂಗದ ಪಶ್ಚಿಮದ ಬಾಯಿ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿ ನಿಮ್ಮ ಎಂಜಿನ್‌ನ ಬಲದಲ್ಲಿ ಮೂರನೆಯ ಒಂದು ಪಾಲು ಇರುವುದೇ ಇಲ್ಲ. ಉಳಿದಷ್ಟರಲ್ಲಿ ಟ್ರೈಲರ್ ಎಳೆಯಬೇಕಾದರೆ ಬೇಗ ಬೇಗ ತಿರುಗದೆ ಅದಕ್ಕೆ ಬೇರೆ ದಾರಿಯಿಲ್ಲ.

ನೀವು ಏರಿನಲ್ಲಿ ಆಫ್ ಮಾಡಿದಿರಲ್ಲ, ಅದು ಸಣ್ಣ ತಪ್ಪು. ಇಳಿಯುವಾಗ ಮತ್ತೆ ಆನ್ ಮಾಡಲಿಲ್ಲವಲ್ಲ, ನನಗೆ ಸಿಟ್ಟು ಬಂದದ್ದು ಅಲ್ಲಿ.

ನನ್ನ ಅಪ್ಪ ಸಕಲೇಶಪುರದಿಂದ ಮಂಗಳೂರಿಗೆ ಕಾಫಿ ಸಾಗಿಸುವ ಲಾರಿ ಓಡಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೇ ಕ್ಲೀನರ್. ದೋಣಿಗಲ್ ಹತ್ತಿರ ಲಾರಿ ನಿಲ್ಲಿಸಿ, ಚಹಾ ಕುಡಿದು, ಟೈರುಗಳನ್ನೆಲ್ಲ ಒಮ್ಮೆ ಒದ್ದು ನೋಡಿ, ಶಿರಾಡಿ ಘಟ್ಟ ಶುರುವಾಗುವ ಮೊದಲೇ ಎರಡನೆಯ ಗೇರಿಗೆ ಹಾಕುತ್ತಿದ್ದರು. ಲಾರಿ ಘಟ್ಟದುದ್ದಕ್ಕೂ ಗೂಳಿಯಂತೆ ಗುಟುರು ಹಾಕುತ್ತಾ ಇಳಿಯುತ್ತಿತ್ತು. ಒಂದು ಸಲ ಹಿಂದಿನಿಂದ ಇನ್ನೊಂದು ಲಾರಿ ಸದ್ದೇ ಇಲ್ಲದೆ ಬಂದು ನಮ್ಮನ್ನು ದಾಟಿಹೋಯಿತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದ. ಅಪ್ಪನ ಮುಖ ಬಿಳಿಚಿಕೊಂಡಿತು. ನಾಲ್ಕು ತಿರುವು ಕೆಳಗೆ ಅದೇ ಲಾರಿ ಗುಡ್ಡದ ಮಣ್ಣಿಗೆ ಒರಗಿ ನಿಂತಿತ್ತು. ಬ್ರೇಕ್ ಡ್ರಮ್ಮುಗಳಿಂದ ಹೊಗೆ, ಡ್ರೈವರ್ ಕಲ್ಲಿನ ಮೇಲೆ ಕೂತು ನಡುಗುತ್ತಿದ್ದ. ಅಪ್ಪ ಅವನಿಗೆ ನೀರು ಕೊಟ್ಟು ಸಮಾಧಾನ ಹೇಳಿದರು. ಬೈಗುಳವೆಲ್ಲ ನಮ್ಮ ಲಾರಿ ಹತ್ತಿದ ಮೇಲೆ, ನನಗೆ. ನಿಮ್ಮ ತಾಯಿ ಸದ್ದಿಗೆ ಹೆದರಿದರು. ನಮ್ಮಪ್ಪ ಹೆದರುತ್ತಿದ್ದದ್ದು ಸದ್ದಿಲ್ಲದ ಗಾಡಿಗೆ.

ಈಗ ಗುಂಡಿಯ ಕೆಲಸ ಕೇಳಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜಿಪುಣ ಸಾಹುಕಾರನ ಗುಮಾಸ್ತನಂತೆ. ಒಂದು ಹನಿ ಪೆಟ್ರೋಲ್ ಉಳಿಯುವುದಾದರೂ ಸಾಕು, ಮೇಲಿನ ಗೇರಿಗೆ ಏರಿಬಿಡುತ್ತದೆ. ಖಾಲಿ ಗಾಡಿಗೆ ಅದೇ ಸರಿ. ಹಿಂದೆ ಎರಡು ಟನ್ ಭಾರ ತೂಗುತ್ತಿರುವಾಗ ಅದು ಎಂಟನೆಯ ಗೇರಿಗೆ ಹೋಗುತ್ತದೆ, ಎಳೆಯಲಾರದೆ ಏಳಕ್ಕೆ ಇಳಿಯುತ್ತದೆ, ಆಸೆ ತಡೆಯದೆ ಮತ್ತೆ ಎಂಟಕ್ಕೆ. ಹೀಗೆ ಪ್ರತಿ ಸಲ ಗೇರ್ ಬದಲಾದಾಗಲೂ ಒಳಗಿನ ಕ್ಲಚ್‌ಗಳು ಒಂದಿಷ್ಟು ಜಾರುತ್ತವೆ. ಎಂಜಿನ್‌ನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಉಳಿದರಂತೂ ಕಡಗೋಲಿನಂತೆ ಎಣ್ಣೆಯನ್ನು ಕಡೆಯುತ್ತಲೇ ಇರುತ್ತದೆ. ಬೆಣ್ಣೆ ಬರುವುದಿಲ್ಲ, ಶಾಖ ಬರುತ್ತದೆ. ಇಪ್ಪತ್ತಮೂರು ವರ್ಷ ಡೆನ್ವರ್‌ನಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವನು ನಾನು. ಕಪ್ಪಾಗಿ ಸೀದ ವಾಸನೆ ಹೊಡೆಯುವ ಆ ಎಣ್ಣೆಯನ್ನು ನೋಡಿದಾಗಲೆಲ್ಲ, ಯಜಮಾನರು ಟ್ರೈಲರ್ ಎಳೆಯುತ್ತಿದ್ದರೇ ಎಂದು ಮೊದಲು ವಿಚಾರಿಸುತ್ತಿದ್ದೆ.

ಟೋ ಮೋಡ್ ಆ ಗುಮಾಸ್ತನ ಕೈ ಹಿಡಿದು ಕೂರಿಸುತ್ತದೆ. ಕೆಳಗಿನ ಗೇರನ್ನು ಹೆಚ್ಚು ಹೊತ್ತು ಬಿಡುವುದಿಲ್ಲ, ಮೇಲಿನ ಗೇರಿಗೆ ತಡಮಾಡಿ ಹೋಗುತ್ತದೆ. ಇಳಿಜಾರಿನಲ್ಲಿ ನೀವು ಬ್ರೇಕ್ ಒತ್ತಿ ವೇಗ ತಗ್ಗಿಸಿದರೆ ತಾನೂ ಗೇರ್ ಇಳಿಸಿ, ಎಂಜಿನ್‌ನ ಹಿಡಿತದಲ್ಲೇ ಗಾಡಿಯನ್ನು ತಡೆಯುತ್ತದೆ. ನಮ್ಮಪ್ಪನ ಎರಡನೆಯ ಗೇರೇ ಇದು, ಗುಂಡಿಯ ವೇಷ ಹಾಕಿಕೊಂಡು ಬಂದಿದೆ.

ಯಾವಾಗ ಹಾಕಬೇಕು? ಜಿಎಂ (ಜನರಲ್ ಮೋಟರ್ಸ್) ಕಂಪನಿ ತನ್ನ ಗಾಡಿಗಳ ಕೈಪಿಡಿಗಳಲ್ಲಿ ಕೊಡುವ ಒಂದು ಅಳತೆ ನನಗೆ ಮೆಚ್ಚುಗೆ. ನಿಮ್ಮ ಗಾಡಿಗೂ ಅಂದಾಜಿಗೆ ಸಾಕು. ಪಿಕಪ್ ಮತ್ತು ಟ್ರೈಲರ್ ಎರಡೂ ಸೇರಿ ಇರಬಹುದಾದ ಗರಿಷ್ಠ ತೂಕವನ್ನು ಕಂಪನಿ ನಿಗದಿ ಮಾಡಿರುತ್ತದೆ. ನಿಮ್ಮ ಒಟ್ಟು ತೂಕ ಅದರ ಶೇ. 75 ಅಥವಾ ಹೆಚ್ಚಿದ್ದರೆ ಈ ಮೋಡ್‌ನ ಪ್ರಯೋಜನ ಚೆನ್ನಾಗಿ ಕಾಣುತ್ತದೆ. ಆ ಮಿತಿ 14,000 ಪೌಂಡ್ ಎಂದುಕೊಳ್ಳಿ (ನಿಮ್ಮ ಗಾಡಿಯದ್ದನ್ನು ಕೈಪಿಡಿಯಲ್ಲೇ ನೋಡಿ), ಶೇ. 75 ಎಂದರೆ 10,500. ಸಂಸಾರ ಸಮೇತ ಪಿಕಪ್ 5,600, ತುಂಬಿದ ಟ್ರೈಲರ್ 5,500 ಆದರೆ ಮೊತ್ತ 11,100. ಗುಂಡಿ ಒತ್ತಿ, ಚರ್ಚೆ ಬೇಡ. ಲೆಕ್ಕ ಹಾಕುವಾಗ ಟ್ರೈಲರಿನ ಖಾಲಿ ತೂಕವನ್ನು ಬರೆದುಕೊಳ್ಳಬೇಡಿ. ಒಂದು ಗ್ಯಾಲನ್ ನೀರೇ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ದಾಟಿತು. ಅದರ ಮೇಲೆ ನಮ್ಮವರು ಕ್ಯಾಂಪಿಂಗ್‌ಗೆಂದು 20 ಪೌಂಡಿನ ಸೋನಾ ಮಸೂರಿ ಚೀಲ, ಕುಕ್ಕರ್, ಸಾಲದ್ದಕ್ಕೆ ಕಲ್ಲಿನ ಗ್ರೈಂಡರನ್ನೂ ಹೊತ್ತು ತರುವುದನ್ನು ಕಣ್ಣಾರೆ ಕಂಡಿದ್ದೇನೆ.

ತೂಕ ಅಷ್ಟಿಲ್ಲದಿದ್ದರೂ ಗೇರ್‌ಬಾಕ್ಸ್ ಮೇಲೆ ಕೆಳಗೆ ಓಡಾಡುತ್ತಿದ್ದರೆ ಹಾಕಿ. ಊರೊಳಗೆ ನಿಂತು ನಿಂತು ಸಾಗುವ ದಟ್ಟಣೆಯಲ್ಲೂ ಹಾಕಬಹುದು. ಕ್ಯಾನ್ಸಸ್ ಕಡೆಯ ಚಪ್ಪಟೆ ಹೆದ್ದಾರಿಯಲ್ಲಿ ಹಗುರ ಟ್ರೈಲರ್ ಇದ್ದು, ಮೇಲಿನ ಗೇರಿನಲ್ಲೇ ಗಾಡಿ ನೆಮ್ಮದಿಯಾಗಿ ಹೋಗುತ್ತಿದ್ದರೆ ಬೇಕಾಗಿಲ್ಲ. ನಿಮ್ಮ ಸಹೋದ್ಯೋಗಿಯ ಮಾತು ಅಲ್ಲಿಗೆ ಒಪ್ಪುತ್ತದೆ. ಆದರೆ ಆ ಬಯಲಿನ ಎದುರುಗಾಳಿ ಸಿಕ್ಕಿತೆಂದರೆ ಮಲಗಿದ ಘಟ್ಟವೊಂದನ್ನು ಹತ್ತಿದ ಹಾಗೆಯೇ.

ನಿಮ್ಮ ಇಳಿಜಾರಿಗೆ ಬರೋಣ. ಸುರಂಗದಿಂದ ಸಿಲ್ವರ್‌ಥಾರ್ನ್‌ಗೆ ಸುಮಾರು ಎಂಟು ಮೈಲಿ, ಇಳಿತ 2,000 ಅಡಿಗೂ ಹೆಚ್ಚು. ದಾರಿಯಲ್ಲಿ ಬ್ರೇಕ್ ಕೈಕೊಟ್ಟ ಟ್ರಕ್ಕುಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ರ‍್ಯಾಂಪ್‌ಗಳನ್ನು ಮಾಡಿದ್ದಾರೆ, ಸುಮ್ಮನೆ ಮಾಡಿಲ್ಲ. ಸುರಂಗದೊಳಗೆ ಇರುವಾಗಲೇ ಟೋ ಮೋಡ್ ಆನ್ ಇದೆಯೇ ಎಂದು ನೋಡಿಕೊಳ್ಳಿ, ವೇಗವನ್ನು ಅಲ್ಲೇ ತಗ್ಗಿಸಿ. ಹೊರಬಂದ ಮೇಲೆ ವೇಗ ಏರತೊಡಗಿದರೆ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ಐದಾರು ಮೈಲಿ ವೇಗ ಇಳಿಸಿ, ಕಾಲು ತೆಗೆದುಬಿಡಿ. ಗೇರ್ ಇಳಿಯುತ್ತದೆ, ಎಂಜಿನ್ ಕೂಗುತ್ತದೆ, ಕೂಗಲಿ. ಸಾಲದಿದ್ದರೆ ಕೈಯಿಂದಲೇ ಇನ್ನೊಂದು ಗೇರ್ ಇಳಿಸಿ. ಪೆಡಲ್ ಮೇಲೆ ಕಾಲನ್ನು ಮೆತ್ತಗೆ ಇಟ್ಟುಕೊಂಡೇ ಎಂಟು ಮೈಲಿ ಇಳಿದಿರಿ ಎಂದು ನನ್ನ ಊಹೆ. ನಿಮಗೆ ಬಂದ ವಾಸನೆ ಅದರದ್ದು. ಪ್ಯಾಡ್ ಕಾದು ಹಿಡಿತ ಬಿಡುತ್ತದೆ, ಇನ್ನೂ ಕಾದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ನೆಲಕ್ಕೆ ಹೋಗುತ್ತದೆ. ಮುಂದಿನ ಪ್ರವಾಸಕ್ಕೆ ಮೊದಲು ಪಿಕಪ್‌ನ ಪ್ಯಾಡ್, ಬ್ರೇಕ್ ಆಯಿಲ್ ಎರಡನ್ನೂ ಪರೀಕ್ಷಿಸಿ. ಟ್ರೈಲರಿನ ಎಲೆಕ್ಟ್ರಿಕ್ ಬ್ರೇಕ್ ಕೆಲಸ ಮಾಡುತ್ತಿತ್ತೇ ಎಂಬುದನ್ನೂ ನೋಡಿಸಿ. ಟೋ ಮೋಡ್‌ಗೂ ಟ್ರೈಲರಿನ ಬ್ರೇಕಿಗೂ ಸಂಬಂಧವಿಲ್ಲ. ಅದಕ್ಕೆ ಬ್ರೇಕ್ ಕಂಟ್ರೋಲರ್ ಬೇರೆಯೇ ಇದೆ, ಅದನ್ನು ಹೊಂದಿಸಿಕೊಳ್ಳಬೇಕು.

ಮಂಜು ಬಿದ್ದು ರಸ್ತೆ ಗಾಜಿನಂತಾಗಿದ್ದರೆ ಮಾತ್ರ ಈ ಪಾಠ ತಿರುವುಮುರುವು. ಅಲ್ಲಿ ಗೇರ್ ತಟ್ಟನೆ ಇಳಿದರೆ ಹಿಂದಿನ ಚಕ್ರಗಳು ಜಾರಿ, ಟ್ರೈಲರ್ ಪಿಕಪ್ಪನ್ನು ಪಕ್ಕಕ್ಕೆ ತಳ್ಳಿ ಮಡಚಿಬಿಡಬಹುದು. ಆ ದಿನ ಮೋಡ್ ಆಫ್ ಮಾಡಿ ಮೆಲ್ಲಗೆ ಹೋಗಿ. ಮನೆಯಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಟ್ರೈಲರ್ ಇಲ್ಲದಾಗ ಮರೆತು ಒತ್ತಿಟ್ಟು ವಾರವಿಡೀ ಕಚೇರಿಗೆ ಓಡಾಡಿದ್ದೇನೆ. ಗೇರ್‌ಬಾಕ್ಸ್ ಹಾಳಾಗಿರಬಹುದೇ? (ಫ್ರಿಸ್ಕೊ, ಟೆಕ್ಸಸ್)

ಉತ್ತರ: ಇಲ್ಲ. ಪೆಟ್ರೋಲ್ ಸ್ವಲ್ಪ ಹೆಚ್ಚು ಸುಟ್ಟಿದ್ದೀರಿ, ಗಾಡಿ ಒರಟಾಗಿ ನಡೆದುಕೊಂಡಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿದೊಡನೆ ಮೋಡ್ ತಾನೇ ಹೋಗಿಬಿಡುತ್ತದೆ. ನಿಮ್ಮದು ಉಳಿಸಿಕೊಳ್ಳುವ ಜಾತಿಯಿರಬೇಕು. ಅಂದಹಾಗೆ, ಆ ಗುಂಡಿಯ ಮೇಲೆ ಹೆಚ್ಚಾಗಿ 'ಟೋ' ಜೊತೆಗೆ 'ಹಾಲ್' ಎಂದೂ ಬರೆದಿರುತ್ತದೆ. ಎಳೆಯುವುದಕ್ಕಷ್ಟೇ ಅಲ್ಲ, ಹೊರುವುದಕ್ಕೂ ಎಂದರ್ಥ. ಹಿಂದಿನ ತೊಟ್ಟಿಯಲ್ಲಿ ಜಲ್ಲಿಯೋ ಮಣ್ಣೋ ತುಂಬಿದ್ದರೆ ಧಾರಾಳವಾಗಿ ಒತ್ತಿ.

ಪ್ರಶ್ನೆ: ನಮ್ಮ ಪಿಕಪ್‌ನಲ್ಲಿ ಶುಂಠಿ ತುಂಬಿಕೊಂಡು ಮಂಗಳೂರಿಗೆ ಹೋಗುತ್ತೇವೆ. ಅಮೆರಿಕದ ಗಾಡಿಗಳಲ್ಲಿರುವ ಆ ಗುಂಡಿಯನ್ನು ಇಲ್ಲಿ ಹಾಕಿಸಿಕೊಳ್ಳಬಹುದೇ? ನಮ್ಮದು ಐದು ಗೇರಿನ ಕೈಗೇರು. (ಸಕಲೇಶಪುರ)

ಉತ್ತರ: ನಮ್ಮೂರಿನಿಂದ ಪತ್ರ! ಅದು ನಿಮಗೆ ಬೇಕಿಲ್ಲ, ಹಾಕಿಸಲೂ ಬರುವುದಿಲ್ಲ. ದೋಣಿಗಲ್ ಹತ್ತಿರ ನಿಲ್ಲಿಸಿ ಚಹಾ ಕುಡಿಯಿರಿ, ಟೈರು ಒದ್ದು ನೋಡಿ, ಇಳಿಜಾರು ಬರುವ ಮೊದಲೇ ಎರಡಕ್ಕೋ ಮೂರಕ್ಕೋ ಹಾಕಿಕೊಂಡು ಗುಂಡ್ಯದವರೆಗೂ ಹಾಗೆಯೇ ಬನ್ನಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.