ಪೈಪ್ ಪೋರ್ಟಿನಲ್ಲಿದ್ದರೆ ಎಂಜಿನ್ ಬಂದ್ ಇರಲಿ

ಪ್ರಶ್ನೆ: ದೋಣಿ ದಡಕ್ಕೆ ಬಂದ ಮೇಲೆ ಅದರ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಫ್ಲಶಿಂಗ್ ಪೋರ್ಟಿಗೆ (ಒಳಗೆ ತೊಳೆಯಲು ನೀರು ಬಿಡುವ ಬಾಯಿ) ಪೈಪ್ ಸಿಕ್ಕಿಸಿ, ಐದು ನಿಮಿಷ ಎಂಜಿನ್ ಓಡಿಸಿ ತೊಳೆಯುತ್ತೇನೆ. ಆದರೂ ಎಂಜಿನ್ ತಂಪಾಗಿಸಿ ಹಿಂದಿನ ತೂತಿನಿಂದ ಚಿಮ್ಮುವ ನೀರು ಸಣ್ಣಗಾಗಿದೆ. ಯಾಕೆ? (ಮಲ್ಪೆ)

ಉತ್ತರ: ನೀವು ಎಂಜಿನ್ ಓಡಿಸಿದ್ದೇ ಇದಕ್ಕೆ ಕಾರಣವಿರಬಹುದು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಪೋರ್ಟಿನ ನೀರು ಹೋಗುವುದು ಮೇಲಿನ ಬ್ಲಾಕಿಗೆ, ಅಂದರೆ ಎಂಜಿನ್ನಿನ ಮುಖ್ಯ ಲೋಹದ ಭಾಗಕ್ಕೆ. ಕೆಳಗೆ ಗೇರ್‌ಬಾಕ್ಸಿನ ಮೇಲಿರುವ ಪಂಪಿಗೆ ಅದು ಸಾಲದು. ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಯ ಚಕ್ರ) ನೀರಿಲ್ಲದೆ ತಿರುಗಿದರೆ ಬೇಗನೆ ಬಿಸಿಯಾಗಿ ರೆಕ್ಕೆ ಹರಿಯುತ್ತದೆ. ಹರಿದ ಚೂರು ಮೇಲಕ್ಕೆ ಹೋಗಿ ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮೊದಲು ನೈಲಾನ್ ಎಳೆಯಿಂದ ಆ ತೂತು ಬಿಡಿಸಿ ನೋಡಿ, ಉಪ್ಪು ಮರಳು ಕಟ್ಟಿರಬಹುದು. ಸರಿಹೋಗದಿದ್ದರೆ ಪಂಪ್ ಬಿಚ್ಚಿಸಿ. ಹೊಸ ಇಂಪೆಲ್ಲರ್ ಹಾಕಿದರೆ ಮುಗಿಯಲಿಲ್ಲ, ಹಳೆಯದರ ರೆಕ್ಕೆ ಜೋಡಿಸಿ ನೋಡಿ, ಕಾಣೆಯಾದ ಚೂರನ್ನೆಲ್ಲ ಹುಡುಕಿ ತೆಗೆಸಿ.

ಇನ್ನು ಮುಂದೆ ಪೋರ್ಟಿನಿಂದ ತೊಳೆಯುವಾಗ ಎಂಜಿನ್ ಬಂದ್ ಮಾಡಿ, ನೆಟ್ಟಗೆ ಇಳಿಸಿ, 15 ನಿಮಿಷ ನೀರು ಬಿಡಿ. ನಿಮ್ಮ ಮಾಡೆಲಿನ ಮ್ಯಾನ್ಯುಯಲ್ ಸ್ಪಷ್ಟವಾಗಿ ಓಡಿಸಬಹುದು ಎಂದರೆ ಮಾತ್ರ ಓಡಿಸಿ. ನೀರು ಎಳೆಯುವ ಜಾಲರಿಗೆ ಎರಡೂ ಬದಿಯಿಂದ ಕಚ್ಚಿಸುವ ಮಫ್ (ಪೈಪ್ ಸಿಕ್ಕಿಸುವ ರಬ್ಬರ್ ಬಟ್ಟಲು) ಇದ್ದರೆ ಕ್ರಮ ಬೇರೆ: ಪ್ರೊಪೆಲ್ಲರ್ ಬಿಚ್ಚಿಡಿ, ಗೇರ್ ನ್ಯೂಟ್ರಲ್, ಮೊದಲು ನಲ್ಲಿ, ಆಮೇಲೆ ಸ್ಟಾರ್ಟ್. ಐಡ್ಲಿಂಗಿನಲ್ಲೇ 10 ನಿಮಿಷ, ಆಕ್ಸಿಲರೇಟರ್ ಬೇಡ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ (ಬಿಸಿಗೆ ತೆರೆಯುವ ಕವಾಟ) ತೆರೆದ ಮೇಲೆಯೇ ಸಿಹಿನೀರು ಒಳಗೆಲ್ಲ ಸುತ್ತುವುದು. ನಿಲ್ಲಿಸುವಾಗ ಮೊದಲು ಎಂಜಿನ್, ಆಮೇಲೆ ನಲ್ಲಿ. ದಡಕ್ಕೆ ಬಂದ ಕೂಡಲೇ ತೊಳೆಯಿರಿ. ಒಳಗೆ ನೀರು ಆರಿ ಉಪ್ಪು ಗಟ್ಟಿಯಾದ ಮೇಲೆ ಅದು ಸುಲಭಕ್ಕೆ ಬಿಡುವುದಿಲ್ಲ.

ಪ್ರಶ್ನೆ: ಎಂಜಿನ್ ತೊಳೆಯಲು ನದಿಯಲ್ಲಿ ಒಂದು ಸುತ್ತು ಹೊಡೆದರೆ ಸಾಲದೇ? (ಗಂಗೊಳ್ಳಿ)

ಉತ್ತರ: ಸಾಲದು. ಉಬ್ಬರ ಬಂದಾಗ ಅಳಿವೆಯಲ್ಲಿರುವುದು ಸಮುದ್ರದ ನೀರೇ.

ಪ್ರಶ್ನೆ: ಮನೆಯ ಬಾವಿ ನೀರು ಆಗಬಹುದೇ? (ಉಳ್ಳಾಲ)

ಉತ್ತರ: ಬಾಯಿಗೆ ಹಾಕಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಬದಿಯ ಎಷ್ಟೋ ಬಾವಿ ಉಪ್ಪಾಗುತ್ತದೆ. ಉಪ್ಪಾದರೆ ಬೇಡ.

ಪ್ರಶ್ನೆ: ಒಳಗಿನ ಉಪ್ಪು ಕರಗಿಸಲು ಆಸಿಡ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಾರೆ. (ಹೆಜಮಾಡಿ)

ಉತ್ತರ: ಅವರ ಕೈಗೆ ಎಂಜಿನ್ ಕೊಡಬೇಡಿ! ಕಕ್ಕಸು ತೊಳೆಯುವ ಆಸಿಡ್ ಉಪ್ಪಿಗಿಂತ ಮೊದಲು ಅಲ್ಯೂಮಿನಿಯಂ ತಿನ್ನುತ್ತದೆ. ತಿಂದು ಹೋದ ಬ್ಲಾಕಿಗೆ ರಿಪೇರಿ ಇಲ್ಲ.

ಪ್ರಶ್ನೆ: ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಎಂಜಿನ್ ತೊಳೆದಿಟ್ಟರೆ ಸಾಕೇ? (ಮಂಗಳೂರು)

ಉತ್ತರ: ಗೇರ್ ಆಯಿಲ್ ಕೂಡ ಬದಲಿಸಿ. ಹಳೆಯದು ಬೆಳ್ಳಗಾಗಿ ಬಂದರೆ ನೀರು ಸೇರಿದೆ ಎಂದರ್ಥ. ಹೊಸ ಸೀಲ್ (ನೀರು ನುಗ್ಗದಂತೆ ತಡೆಯುವ ಉಂಗುರ) ಹಾಕಿಸದೆ ಮೂಲೆಗೆ ಇಡಬೇಡಿ.